ಏನನ್ನೂ ಕೇಳದ ಅಪಹರಣಕಾರ

ಬುಧವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಳಕಲ್ಲಿನಿಂದ ಹುನಗುಂದಕ್ಕೆ ಬಂದಿಳಿದ ಅಂದಪ್ಪ ನೀಲಾಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು, ಟವೆಲಿನಲ್ಲಿ ಸುತ್ತಿ ತಂದಿದ್ದ ಮೊಬೈಲನ್ನು ಆಕೆಯ ಮುಂದಿಟ್ಟ. ಇಟ್ಟವನೇ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಪರದೆಯ ಮೇಲೆ ಅವನ ಒಬ್ಬಳೇ ಮಗಳು ದಾನೇಶ್ವರಿ ಇದ್ದಳು. ಯಾವುದೋ ಕೋಣೆಯ ನೆಲದ ಮೇಲೆ, ದಪ್ಪ ಸ್ವೆಟರ್ ಹಾಕಿಕೊಂಡು, ಗೋಡೆಗೆ ಒರಗಿದ್ದಳು. ಕಣಕಾಲುಗಳಿಗೆ ಬಟ್ಟೆ ಒಣಹಾಕುವ ಹಗ್ಗ ಬಿಗಿದಿತ್ತು. ಕೈಗಳು ಬೆನ್ನ ಹಿಂದಿದ್ದವು, ಬಾಯಿಗೆ ಅಂಟುಪಟ್ಟಿ ಹಚ್ಚಿತ್ತು.

"ರವಿವಾರ ಬಂತ್ರಿ ಅಕ್ಕಾರ ಇದು," ಎಂದ ಅಂದಪ್ಪ. "ಇಂಗ್ಲೆಂಡಿಗೆ ಓದಾಕ ಹೋಗಿ ಇನ್ನಾ ಎರಡೂವರಿ ತಿಂಗಳು. ಗುರುವಾರ ಅವ್ವನ ಕೂಡ ಮಾತಾಡ್ಯಾಳ. ಶುಕ್ರವಾರದಿಂದ ಫೋನ್ ಬಂದ್. ಪೊಲೀಸರಿಗೆ, ಕಾಲೇಜಿನವರಿಗೆ ತಿಳಿಸಿದ್ರ ಮಗಳ ಮಾರಿ ನೋಡಾಂಗಿಲ್ಲ ಅಂದಾರ. ನಿಮ್ಮ ಮುಂದ ಹೇಳೂದಕ್ಕೂ ಜೀವ ಹೆದರತೈತಿ."

ಪಕ್ಕದಲ್ಲಿ ಕೂತಿದ್ದ ಕಾಶಪ್ಪನ ಕೈಯಲ್ಲಿನ ಚಹಾ ಆರಿತು. ಪರರ ಮನೆಯ ಸಂಕಟ ಕೇಳುವುದು ಅವನಿಗೆ ಹೊಸದಲ್ಲ. ನೀಲಾಬಾಯಿ ಹುನಗುಂದದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅರ್ಧ ಜಿಲ್ಲೆಯ ಸುಖದುಃಖ ಕೇಳಿದವಳು. ಆಕೆ ಜೋಡಿಸಿದ ತಂತಿಗಳನ್ನು ಕಂಬ ಹತ್ತಿ ಬಿಗಿದವನು ಲೈನ್‌ಮನ್ ಕಾಶಪ್ಪ. ಇಬ್ಬರೂ ನಿವೃತ್ತರಾಗಿ ಎಷ್ಟೋ ವರ್ಷವಾದರೂ ಜನ ತಮ್ಮ ಬಿಡಿಸಲಾರದ ಗಂಟುಗಳನ್ನು ಹೊತ್ತುಕೊಂಡು ಇದೇ ಕಟ್ಟೆಗೆ ಬರುತ್ತಿದ್ದರು. ಅವಳು ಬಿಡಿಸುತ್ತಿದ್ದಳು, ಇವನು ತಿರುಗಾಡುತ್ತಿದ್ದ. ತಿರುಗಾಡದಿದ್ದರೆ ಅವಳು ಏನು ಬಿಡಿಸುತ್ತಿದ್ದಳು ಎಂಬುದು ಕಾಶಪ್ಪನ ಹಳೆಯ ತಕರಾರು.

ಫೋಟೋದ ಜೊತೆಗೆ ಒಂದು ದನಿಯೂ ಬಂದಿತ್ತು. ಇಂಗ್ಲಿಷಿನಲ್ಲಿ ಮಾತಾಡುವ ಗಂಡಸಿನ ದನಿ. ಮಗಳ ಗೆಳತಿ ರೋಹಿಣಿ ಅದರ ಅರ್ಥ ಹೇಳಿದ್ದಳಂತೆ: ಹುಡುಗಿ ನಮ್ಮ ಹತ್ತಿರ ಇದ್ದಾಳೆ, ಬಾಯಿ ಮುಚ್ಚಿಕೊಂಡು ಕಾಯಿರಿ. ನೀಲಾಬಾಯಿ ಅದನ್ನು ಕಿವಿಗೆ ಒತ್ತಿಕೊಂಡು ಏಳು ಸಲ ಕೇಳಿದಳು.

"ಕಾಶಪ್ಪ, ಈ ಮನುಷ್ಯಾ ಉಸಿರು ಎಲ್ಲಿ ತೊಗೊಂಡ, ನಿನಗೇನರ ಕೇಳಿಸಿತೇನು?"

"ಮಾತs ತಿಳಿಯವಲ್ದು ಬಾಯಾರ, ಉಸಿರು ಎಲ್ಲಿಂದ ಕೇಳಸಬೇಕು ನನಗ?"

ಆಕೆ ಅಂದಪ್ಪನ ಕಡೆ ತಿರುಗಿದಳು. "ರೊಕ್ಕ ಎಷ್ಟು ಕೇಳ್ಯಾರ?"

"ಏನೂ ಕೇಳಿಲ್ರಿ. ಮಗ್ಗ ಮಾರತೇನಿ, ಮನಿ ಮಾರತೇನಿ, ಏನ ಬೇಕ ಹೇಳ್ರೀ ಅಂತ ನಾನs ಬರಸೇನಿ. ಕಾಯ್ರಿ ಅಂತಾರ, ಅಷ್ಟ."

ಕದ್ದುಕೊಂಡು ಹೋಗಿ ಏನೂ ಬೇಡವೆನ್ನುವ ಕಳ್ಳನನ್ನು ಕಾಶಪ್ಪ ಅರವತ್ತೈದು ವರ್ಷದಲ್ಲಿ ಕಂಡಿರಲಿಲ್ಲ. ಅವನಿಗೆ ಒಳಗೊಳಗೇ ಭಯವಾಯಿತು. ಬೇಡುವವನ ಜೊತೆ ಚೌಕಾಸಿ ಮಾಡಬಹುದು, ಏನೂ ಬೇಡದವನ ಜೊತೆ ಏನು ಮಾಡಬೇಕು?

"ಪೊಲೀಸರಿಗೆ ಹೇಳೂದು ಚಲೋ, ಅಂದಪ್ಪ," ಎಂದಳು ನೀಲಾಬಾಯಿ.

ಅಂದಪ್ಪ ಕಟ್ಟೆಯಿಂದ ಇಳಿದು ಆಕೆಯ ಕಾಲು ಹಿಡಿದುಕೊಂಡ, ಹೇಳುವುದಿಲ್ಲವೆಂದು ಆಕೆ ಮಾತು ಕೊಡುವವರೆಗೂ ಬಿಡಲಿಲ್ಲ. ಐವತ್ತೈದರ ಗಂಡಸು ಹಾಗೆ ಅಳುವುದನ್ನು ನೋಡಲಾರದೆ ಕಾಶಪ್ಪ ಲೋಟ ತೊಳೆಯುವ ನೆಪದಲ್ಲಿ ಒಳಗೆ ಹೋದ.

ಹತ್ತು ಗಂಟೆಗೆ ಮೂವರೂ ಇಳಕಲ್ಲಿನಲ್ಲಿದ್ದರು. ಅಂದಪ್ಪನ ಮನೆಯ ಪಡಸಾಲೆಯಲ್ಲಿ ಮಗ್ಗ ನಿಂತಿತ್ತು. ಅರ್ಧ ನೇಯ್ದ ಸೀರೆ ಮೂರು ದಿನದಿಂದ ಅಲ್ಲೇ ಇತ್ತು. ನೀಲಾಬಾಯಿ ಮಗ್ಗದ ಹತ್ತಿರ ಹೋಗಿ, "ಇಲ್ಲೊಂದು ಎಳಿ ಹರದೈತಲ್ಲ, ಕೂಡಸು ನೋಡೂಣು," ಎಂದಳು. ಇಂಥ ಹೊತ್ತಿನಲ್ಲಿ ಇದೆಂಥ ಮಾತು ಎಂದು ಕಾಶಪ್ಪನಿಗೆ ನಾಚಿಕೆಯಾಯಿತು. ಅಂದಪ್ಪ ಮಾತ್ರ ಕಣ್ಣೀರಿನ ನಡುವೆಯೇ ಕೈ ಚಾಚಿ, ನೋಡದೆಯೇ, ಚಿಟಿಕೆ ಹೊಡೆಯುವಷ್ಟರಲ್ಲಿ ಗಂಟು ಹಾಕಿದ. ಸಣ್ಣ ಚಪ್ಪಟೆ ಗಂಟು, ಎರಡೂ ತುದಿಗಳು ಒಂದೇ ಕಡೆ ಬಾಗಿದ್ದವು. ಆಕೆ ಗಂಟನ್ನು ನೋಡಿದಳು, ಮೊಬೈಲಿನ ಫೋಟೋ ನೋಡಿದಳು, ಒಳಗೆ ನಡೆದಳು.

ಒಳಗೆ ಅಂದಪ್ಪನ ಹೆಂಡತಿ ಬಸಲಿಂಗವ್ವ ಕಂಬಕ್ಕೆ ಆತು ಕೂತಿದ್ದಳು. ಅವಳ ಮಗ್ಗುಲಲ್ಲಿ ಅವಳ ತಮ್ಮ ವಿಜಯಮಹಾಂತೇಶ ಇದ್ದ. ಬಾದಾಮಿಯಲ್ಲಿ ಪ್ರವಾಸಿಗರಿಗೆ ಗುಹೆ ತೋರಿಸುವ ಗೈಡ್. ಮೂವತ್ತು ದಾಟಿದೆ, ಮದುವೆಯಾಗಿಲ್ಲ. ಸುದ್ದಿ ತಿಳಿದಾಗಿನಿಂದ ಬಾದಾಮಿಗೂ ಇಳಕಲ್ಲಿಗೂ ಎಡತಾಕುತ್ತಿದ್ದ. ಬಾಗಿಲ ಬಳಿ ರೋಹಿಣಿ ನಿಂತಿದ್ದಳು. ಬರುವ ವರ್ಷ ತಾನೂ ಅದೇ ಕಾಲೇಜಿಗೆ ಹೋಗಿ ದಾನೇಶ್ವರಿಯ ಕೋಣೆಯಲ್ಲೇ ಇರುವುದೆಂದು ನಿಶ್ಚಯಿಸಿಕೊಂಡಿದ್ದ ಹುಡುಗಿ. ಅವಳ ಆಚೆ ಸುನೀಲಕುಮಾರ ಇದ್ದ. ಬಾಗಲಕೋಟೆಯ ನವನಗರದಲ್ಲಿ ಹುಡುಗರನ್ನು ಪರದೇಶಕ್ಕೆ ಓದಲು ಕಳಿಸುವ ಕಚೇರಿ ಇಟ್ಟವನು. ದಾನೇಶ್ವರಿಯ ಕಾಗದಪತ್ರಗಳೆಲ್ಲ ಅವನ ಕೈಯಲ್ಲೇ ತಯಾರಾಗಿದ್ದವು. ಚಳಿಗಾಲದಲ್ಲೂ ಅವನು ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತಿದ್ದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ ಎಂದು ಕಾಶಪ್ಪ ಮನಸ್ಸಿನಲ್ಲೇ ಅವನಿಗೆ ಬೇಡಿ ತೊಡಿಸಿಬಿಟ್ಟ.

"ಒಂದು ತುತ್ತು ಉಣ್ಣವ್ವಾ," ಎಂದಳು ನೀಲಾಬಾಯಿ.

"ಹ್ಯಾಂಗ ಉಣ್ಲೆವ್ವಾ?" ಎಂದಳು ಬಸಲಿಂಗವ್ವ. "ಫೋಟೋದಾಗ ಆಕಿ ಕೊಳ್ಳಾಗ ಶಿವದಾರ ಕಾಣವಲ್ದು. ಲಿಂಗಾ ಇಟ್ಟ ಬೆಳ್ಳಿ ಕರಡಗಿ ನಾನs ಕಟ್ಟಿ ಕಳಿಸೇನಿ. ಲಿಂಗಪೂಜಿ ಇಲ್ದ ಆಕಿ ನೀರ ಸೈತ ಕುಡ್ಯಾಂಗಿಲ್ಲ. ಲಿಂಗಾ ಕಸಗೊಂಡಿದ್ರ ಆಕಿ ಉಪಾಸನ ಸಾಯ್ತಾಳ. ಆಕಿ ಉಂಡದ್ದು ಗೊತ್ತಾಗೂತನಕ ನನ್ನ ಬಾಯಾಗ ತುತ್ತು ಹೋಗಾಂಗಿಲ್ಲ."

ಹಗ್ಗಕ್ಕಿಂತ, ಅಂಟುಪಟ್ಟಿಗಿಂತ ಆ ತಾಯಿಯನ್ನು ಸುಡುತ್ತಿದ್ದದ್ದು ಮಗಳ ಕೊರಳಲ್ಲಿ ಕಾಣದ ಇಷ್ಟಲಿಂಗ. ರೋಹಿಣಿ ಕಣ್ಣೊರೆಸಿಕೊಂಡಳು. ಸುನೀಲಕುಮಾರ ನೆಲ ನೋಡಿದ. ವಿಜಯಮಹಾಂತೇಶ ಎದ್ದು ಹಿತ್ತಲಿಗೆ ಹೋದ.

ಹೊರಡುವ ಮೊದಲು ನೀಲಾಬಾಯಿ ರೋಹಿಣಿಯನ್ನು ಒಂದು ಕಡೆ ಕರೆದಳು. "ಆಕಿ ಈ ನಡುವ ಏನರ ಹೆಚ್ಚುಕಡಿಮಿ ಮಾತಾಡಿದ್ಳೇನವಾ?"

"ಹಂಗೇನಿಲ್ರಿ. ಹೋದ ವಾರ ಒಮ್ಮೆ ಕೇಳಿದ್ಳು, ವೀಸಾದ ಸಾಹೇಬರು ವಾಟ್ಸಾಪಿನಾಗ ಫೋನ್ ಮಾಡತಾರೇನು ಅಂತ. ನನಗೇನ ಗೊತ್ತು ಅಂದ್ನಿ. ನಗಾಕತ್ತಿದ್ಳ್ರಿ, ಅದಕ್ಕ ನಾ ತಲಿಗೆ ಹಚಗೊಳ್ಳಲಿಲ್ಲ."

ಮರುದಿನ ಗುರುವಾರ ಬೆಳಿಗ್ಗೆ ಆರಕ್ಕೆ ಅಂದಪ್ಪನ ಫೋನು ಬಂತು. ಅಪಹರಣಕಾರ ಮತ್ತೆ ಬರೆದಿದ್ದ. ಹುಡುಗಿಯ ಲಿಂಗ ಅವಳ ಹತ್ತಿರವೇ ಕೆಂಪು ವಸ್ತ್ರದಲ್ಲಿದೆ, ಪೂಜೆ ಮಾಡಿದ್ದಾಳೆ, ಊಟ ಮಾಡಿದ್ದಾಳೆ. ಮೂರೇ ಸಾಲು.

"ನೀವು ಯಾರರ ಲಿಂಗದ ಮಾತು ಅವಗ ಬರದಿದ್ರೇನು?" ಎಂದು ನೀಲಾಬಾಯಿ ಕೇಳಿದಳು.

"ಇಲ್ರಿ, ಯಾರೂ ಬರದಿಲ್ಲ. ಆಕಿ ಅವ್ವ ಇದನ್ನ ಕೇಳಿ ಇನ್ನಷ್ಟು ಅಳಾಕತ್ತಾಳ. ಬೆಳ್ಳಿ ಕರಡಗ್ಯಾಗ ಕಳಿಸಿದ ಲಿಂಗ ಕೆಂಪು ವಸ್ತ್ರದಾಗ ಹ್ಯಾಂಗ ಬರತೈತಿ, ಸುಳ್ಳ ಹೇಳ್ತಾರ, ಮಗಳು ಉಳದಿಲ್ಲ ಅಂತಾಳ್ರಿ."

ನೀಲಾಬಾಯಿ ಫೋನು ಇಟ್ಟು ಕಾಶಪ್ಪನಿಗೆ ಬಸ್ಸಿನ ವೇಳೆ ಹೇಳಿದಳು. ಮೊದಲು ಬಾಗಲಕೋಟೆ, ಆಮೇಲೆ ಬಾದಾಮಿ. "ಕಂಡದ್ದೆಲ್ಲಾ ಹೇಳು. ನಿನಗ ತಿಳದದ್ದು ಏನೂ ಹೇಳಬ್ಯಾಡ."

ಈ ಕೊನೆಯ ಮಾತು ಕಾಶಪ್ಪನಿಗೆ ಪ್ರತಿಸಲವೂ ಚುಚ್ಚುತ್ತಿತ್ತು, ಪ್ರತಿಸಲವೂ ನುಂಗಿಕೊಳ್ಳುತ್ತಿದ್ದ. ಸುನೀಲಕುಮಾರನ ಕಚೇರಿಯ ಗೋಡೆಯ ತುಂಬ ದಾನೇಶ್ವರಿಯ ನಗುಮುಖದ ಫ್ಲೆಕ್ಸ್ ಇತ್ತು. ಇಳಕಲ್ಲಿನ ನೇಕಾರರ ಮನೆಯಿಂದ ಇಂಗ್ಲೆಂಡಿನ ವಿಶ್ವವಿದ್ಯಾಲಯಕ್ಕೆ ಎಂದು ಬರೆದಿತ್ತು. ಅದರ ಕೆಳಗೆ ಕೂತು ಆತ, "ಈಕಿಗೆ ಏನರ ಆದ್ರ ನಾ ಈ ಊರಾಗ ಮಾರಿ ಎತ್ತಿ ತಿರಗಾಂಗಿಲ್ರಿ ಕಾಕಾ, ಅಂಗಡಿ ಮುಚ್ಚಬೇಕು," ಎಂದ. ವಿಮಾನ ಹತ್ತಿಸಲು ಬೆಂಗಳೂರಿಗೆ ತಾನೂ ಹೋಗಿದ್ದುಂಟು, ಆದರೆ ಬೇರೆ ನಾಲ್ಕು ಮಕ್ಕಳ ಜೊತೆ ಬಸ್ಸಿನಲ್ಲಿ. ದಾನೇಶ್ವರಿಯನ್ನು ಅವಳ ಸೋದರಮಾವ ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಿದ್ದನಂತೆ, ತಂದೆತಾಯಿ ಇಳಕಲ್ಲಿನಲ್ಲೇ ಬೀಳ್ಕೊಟ್ಟಿದ್ದರಂತೆ.

ಬಾದಾಮಿಯಲ್ಲಿ ವಿಜಯಮಹಾಂತೇಶ ಒಬ್ಬನೇ ಇದ್ದ. ರಾತ್ರಿಯೆಲ್ಲ ನಿದ್ದೆಯಿಲ್ಲದ ಕಣ್ಣು. ಕಾಶಪ್ಪನಿಗೆ ತಾನೇ ಚಹಾ ಮಾಡಿಕೊಟ್ಟ. ಎರಡು ನಿಮಿಷಕ್ಕೊಮ್ಮೆ ಮೊಬೈಲು ತೆಗೆದು ನೋಡುತ್ತಿದ್ದ, ನೋಡಿ ಇನ್ನಷ್ಟು ಬಿಳಿಚಿಕೊಳ್ಳುತ್ತಿದ್ದ. "ಅಕ್ಕ ಉಂಡಳೇನ್ರಿ?" ಎಂದು ಮೂರು ಸಲ ಕೇಳಿದ. ಪಾಪ, ಅಕ್ಕನ ಮೇಲೆ ಎಷ್ಟು ಜೀವ ಎಂದು ಕಾಶಪ್ಪನಿಗೆ ಮರುಕ ಬಂತು. ದೇವರ ಜಗಲಿಯ ಮೇಲೆ ಬಸವಣ್ಣನ ಪಟ, ಅದರ ಮುಂದೆ ವಿಭೂತಿ ಗಟ್ಟಿ, ಮಲ್ಲಿಗೆ ಹೂವು, ಒಂದು ಸಣ್ಣ ಬೆಳ್ಳಿ ಕರಡಿಗೆ. ವಿಜಯಮಹಾಂತೇಶನ ಕರಡಿಗೆ ಅವನ ಕೊರಳಲ್ಲೇ ಅಂಗಿಯ ಮೇಲೆ ತೂಗುತ್ತಿತ್ತು.

ಕಾಶಪ್ಪ ಹೊರಗೆ ಬಂದು ಚಹಾದಂಗಡಿಯ ಹತ್ತಿರ ನಿಂತು ಎಲ್ಲವನ್ನೂ ಫೋನಿನಲ್ಲಿ ಒಪ್ಪಿಸಿದ. ಜಗಲಿಯ ಮಾತು ಬಂದಾಗ ನೀಲಾಬಾಯಿ ತಡೆದು ಮತ್ತೊಮ್ಮೆ ಹೇಳಿಸಿದಳು.

"ಜೀಪು ಮಾಡು. ಅವನ್ನ ಕರಕೊಂಡು ಈಗಿಂದೀಗ ಇಳಕಲ್ಲಿಗೆ ಬಾ. ಅಕ್ಕಗ ಆರಾಮಿಲ್ಲ ಅನ್ನು, ಅದೇನೂ ಸುಳ್ಳಲ್ಲ. ಕಾಶಪ್ಪ, ಆ ಹುಡಿಗಿಗೆ ಇನ್ನ ಭಾಳ ವೇಳೆ ಇಲ್ಲ ಅಂತ ನನಗನಸ್ತದ."

ಸಂಜೆ ನಾಲ್ಕು ಗಂಟೆಗೆ ಅಂದಪ್ಪನ ಪಡಸಾಲೆಯಲ್ಲಿ ಎಲ್ಲರೂ ಕೂತರು. ಸುನೀಲಕುಮಾರನೂ ಬಂದಿದ್ದ. ಮಗ್ಗದ ಹಿಂದೆ ಸೀರೆ ಕೊಳ್ಳಲು ಬಂದವನಂತೆ ಒಬ್ಬ ಗಿರಾಕಿ ಕೂತಿದ್ದ. ಅವನು ಪೊಲೀಸ್ ಠಾಣೆಯ ಅನೀಸ, ಮಫ್ತಿಯಲ್ಲಿದ್ದಾನೆ ಎಂಬುದು ನೀಲಾಬಾಯಿಗೂ ಕಾಶಪ್ಪನಿಗೂ ಮಾತ್ರ ಗೊತ್ತಿತ್ತು. ಅಂದಪ್ಪನಿಗೆ ಕೊಟ್ಟ ಮಾತನ್ನು ಆಕೆ ಮುರಿದಿದ್ದಳು. ಮುರಿದದ್ದಕ್ಕೆ ಆಕೆಗೆ ಏನೂ ಬೇಸರವಿರಲಿಲ್ಲ.

"ದಾನೇಶ್ವರಿನ್ನ ಯಾರೂ ಹೊತ್ತುಕೊಂಡು ಹೋಗಿಲ್ಲ," ಎಂದಳು ನೀಲಾಬಾಯಿ.

ಬಸಲಿಂಗವ್ವ ತಲೆ ಎತ್ತಿದಳು.

"ಖುಷಿ ಪಡಬ್ಯಾಡವ್ವಾ, ಇನ್ನಾ ಸುದ್ದಿ ಚಲೋ ಇಲ್ಲ. ಈ ಫೋಟೋದಾಗ ಕಾಲಿನ ಗಂಟು ನೋಡ್ರಿ. ಸಣ್ಣದು, ಚಪ್ಪಟಿ, ಎರಡೂ ತುದಿ ಒಂದs ಕಡೆ. ನಿನ್ನೆ ಅಂದಪ್ಪ ಹರಿದ ಎಳಿಗೆ ಹಾಕಿದ್ದು ಇದs ಗಂಟು. ನೇಕಾರರ ಮನ್ಯಾಗ ಹುಟ್ಟಿದ ಕೈ ಹಗ್ಗ ಕೊಟ್ರೂ ಇದನ್ನs ಹಾಕತೈತಿ. ಇಂಗ್ಲೆಂಡಿನ ಕಳ್ಳ ಯಾಕ ಹಾಕ್ತಾನ? ತನ್ನ ಕಾಲು ತಾನs ಕಟಗೊಂಡಾಳ. ಕೈ ಹಿಂದ ಇಟಗೊಂಡಾಳ, ಕಟ್ಟಿದ್ದು ಕಾಣಾಂಗಿಲ್ಲ. ಫೋಟೋ ನೆಲದ ಮಟ್ಟದಿಂದ ತಗದದ್ದು, ಮೊಬೈಲು ಎದಕ್ಕೋ ಆನಿಸಿ ಇಟ್ಟಾಳ. ಕೋಣಿಯಾಗ ಬ್ಯಾರೆ ಯಾರೂ ಇಲ್ಲ. ಯಾರೋ ಫೋನಿನ್ಯಾಗ ಹೇಳ್ಯಾರ, ಈಕಿ ಹೆದರಿ ಮಾಡ್ಯಾಳ."

"ಯಾರು ಹೇಳಿದ್ರ ಮಾಡತಾಳ್ರಿ ಇಂಥಾದ್ದು?" ಎಂದ ಅಂದಪ್ಪ.

"ಪರದೇಶದಾಗ ಓದೂ ಹುಡಿಗಿ ಯಾರಿಗೆ ಹೆದರತಾಳ? ಒಂದು ಮಾತಿನ್ಯಾಗ ವಾಪಸ್ ಕಳಸೋ ವೀಸಾ ಸಾಹೇಬಗ. ಅಂಥಾ ಸಾಹೇಬರು ವಾಟ್ಸಾಪಿನಾಗ ಫೋನ್ ಮಾಡತಾರೇನು ಅಂತ ಆಕಿ ರೋಹಿಣಿನ್ನ ಕೇಳಿದ್ಳು. ನಿನ್ನ ಕಾಗದ ಖೊಟ್ಟಿ ಅದಾವ, ಒಂದು ಕಡೆ ಅಡಗಿ ಕೂಡು, ಅಪ್ಪ ಅವ್ವಗ ಹೇಳಿದ್ರ ಅವರನ್ನೂ ಹಿಡೀತೇವಿ ಅಂದಿರಬೇಕು. ಖರೇ ಸರಕಾರದ ಮನುಷ್ಯಾ ಯಾವನೂ ಅವ್ವಗ ಹೇಳಬ್ಯಾಡ ಅನ್ನಾಂಗಿಲ್ಲ. ಅಷ್ಟು ಗೊತ್ತಿದ್ರ ಸಾಕಿತ್ತು ಆ ಕೂಸಿಗೆ."

ರೋಹಿಣಿ ಬಿಕ್ಕಿದಳು. ನೀಲಾಬಾಯಿ ಮುಂದುವರಿಸಿದಳು.

"ಆ ಸಾಹೇಬ ಯಾರು? ದನಿ ಏಳು ಸಲ ಕೇಳೇನಿ. ಎಲ್ಲೂ ಉಸಿರು ಇಲ್ಲ. ಮೂವತ್ತೊಂದು ವರ್ಷ ಮಂದಿ ಮಾತು ಕೇಳಿದ ಕಿವಿ ಇವು. ಮಾತಿಗೆ ಮುಂಚೆ ಉಸಿರು ತೊಗೊಳ್ಳದ ಮನುಷ್ಯಾ ಹುಟ್ಟಿಲ್ಲ. ಬರದದ್ದನ್ನ ಯಂತ್ರ ಓದೈತಿ. ಈಗ ಹೇಳ್ರಿ, ದೂರದ ಕಳ್ಳ ತನ್ನ ದನಿ ಯಾಕ ಮುಚ್ಚಿಡಬೇಕು? ಅಂದಪ್ಪಗ ಅವ ಯಾರಂತ ಹ್ಯಾಂಗೂ ಗೊತ್ತಾಗಾಂಗಿಲ್ಲ. ದನಿ ಮುಚ್ಚಿಡೂದು ಈ ಮನಿಗೆ ಗುರುತು ಇರೂ ಮನುಷ್ಯಾ."

ಕಾಶಪ್ಪ ಸುನೀಲಕುಮಾರನ ಕಡೆ ನೋಡಿದ. ಸುನೀಲಕುಮಾರ ಕತ್ತು ಒರೆಸಿಕೊಂಡ.

"ರವಿವಾರದಿಂದ ಅವ ಏನೂ ಕೇಳಿಲ್ಲ. ಅಂದ್ರ ಅವಗ ಬೇಕಾದ್ದು ರೊಕ್ಕಲ್ಲ. ಆಕಿ ಹೆದರಿ ಓದು ಬಿಟ್ಟು ಊರಿಗೆ ಬಂದ್ರ ಯಾರಿಗೆ ಲಾಭ? ಸುನೀಲಕುಮಾರ ಅಂಗಡಿ ಮುಚ್ಚಬೇಕಾಗತೈತಿ. ರೋಹಿಣಿ ಅಲ್ಲಿ ಹೋಗೂ ದಾರಿ ಕಟ್ಟಾಗತೈತಿ." ಆಕೆ ಸ್ವಲ್ಪ ತಡೆದಳು. "ನಿನ್ನೆ ಬಸಲಿಂಗವ್ವ ಉಣ್ಣಾಂಗಿಲ್ಲ ಅಂದದ್ದನ್ನ ಇಲ್ಲಿದ್ದವರು ಕೇಳೇರಿ. ಮುಂಜಾನೆ ಆಗೂದ್ರಾಗ ಸಾಹೇಬ ಲಿಂಗದ ಸುದ್ದಿ ಬರದ. ಅವಗ ಅದನ್ನ ಯಾರೂ ಕೇಳಿರಲಿಲ್ಲ. ಲಿಂಗಪೂಜಿ ಇಲ್ದ ಒಬ್ಬಾಕಿ ನೀರು ಕುಡ್ಯಾಂಗಿಲ್ಲ, ಅದಕ್ಕs ಇನ್ನೊಬ್ಬಾಕಿ ಇಲ್ಲಿ ಉಪವಾಸ ಕೂತಾಳ ಅನ್ನೂದು ಎಂಥಾ ಕಳ್ಳಗ ಚುಚ್ಚತೈತಿ? ಆ ಉಪವಾಸಾ ನೋಡಲಾರದವಗ. ಅವ ಸಿಕ್ಕಿದ್ದು ಕಳ್ಳತನದಿಂದಲ್ಲ, ಕರುಣಾದಿಂದ."

ಬಸಲಿಂಗವ್ವ ಮೆಲ್ಲಗೆ ಪಕ್ಕಕ್ಕೆ ತಿರುಗಿ ತಮ್ಮನ ಮುಖ ನೋಡಿದಳು.

"ಕೆಂಪು ವಸ್ತ್ರದ ಮಾತು ಈಕಿಗೆ ಗೊತ್ತಿರಲಿಲ್ಲ, ಅಂದಪ್ಪಗೂ ಗೊತ್ತಿರಲಿಲ್ಲ. ಬೆಳ್ಳಿ ಕರಡಗಿ ಬೆಂಗಳೂರಿನ ದಾರ್ಯಾಗ, ಕಾರಿನಾಗs ಕೊಳ್ಳಿಂದ ಇಳದೈತಿ. ಇವತ್ತು ಅದು ಬಾದಾಮ್ಯಾಗ ಒಂದು ಜಗಲಿ ಮ್ಯಾಲ ಐತಿ. ಸತ್ತವರ ಲಿಂಗ ಸತ್ತವರ ಕೂಡ ಮಣ್ಣಿಗೆ ಹೋಗತೈತಿ, ಮನ್ಯಾಗ ಹೆಚ್ಚಿನ ಕರಡಗಿ ಉಳ್ಯಾಂಗಿಲ್ಲ. ಒಬ್ಬನs ಇರೂ ಮನ್ಯಾಗ, ತನ್ನದು ಕೊಳ್ಳಾಗ ಇರೂವಾಗ, ಅದು ಯಾರದು ವಿಜಯಮಹಾಂತೇಶ?"

ಅವನು ಅಲ್ಲಗಳೆಯಲಿಲ್ಲ.

"ಪರದೇಶದಾಗ ಬೆಳ್ಳಿ ಹಾಕ್ಕೊಂಡ ತಿರಗಬ್ಯಾಡ, ಕಳ್ಳರ ಕಣ್ಣು ಬೀಳತೈತಿ ಅಂತ ನಾನs ಬಿಚ್ಚಿಸಿ ಕೆಂಪು ವಸ್ತ್ರದಾಗ ಕಟ್ಟಿಕೊಟ್ನಿ," ಎಂದ. "ಯಾರನ್ನೂ ನಂಬಬ್ಯಾಡ, ದಿನಾ ಫೋನ್ ಮಾಡು ಅಂತ ನಾನs ಹೇಳಿ ಹತ್ತಿಸಿದ್ನಿ. ಆಕಿ ತೊಟ್ಟಲದಾಗ ಇದ್ದಾಗಿಂದ ಈಕಿ ನಿನ್ನ ಹೆಣ್ತಿ ಅಂತ ನೀವs ಎಲ್ಲಾರೂ ಅಂದ್ರಿ. ಇಪ್ಪತ್ತು ವರ್ಷ ಕಾದ್ನಿ. ಹೋದ ತಿಂಗಳು ಬರದಾಳ, ಮಾಮಾ, ನಾ ನಿನ್ನ ಬರೇ ಮಾಮಾ ಅಂತ ತಿಳದೇನಿ, ಮದವಿ ಮಾತು ಮರತಬಿಡು, ನಾ ಇಲ್ಲೇ ಕೆಲಸಾ ಹಿಡೀತೇನಿ ಅಂತ. ಹೆದರಿ ಊರಿಗೆ ಬರಲಿ, ಬಂದ ಮ್ಯಾಲ ಎಲ್ಲಾ ಸರಿ ಹೋಗತೈತಿ ಅಂದಕೊಂಡ್ನಿ. ಒಬ್ಬ ಪ್ರವಾಸಿ ಬಿಟ್ಟು ಹೋದ ಇಂಗ್ಲೆಂಡಿನ ಸಿಮ್ ಇತ್ತು, ಅದರಿಂದ ವೀಸಾ ಸಾಹೇಬ ಅಂತ ಆಕಿಗೆ ಫೋನ್ ಮಾಡಿದ್ನಿ. ಅಂದಪ್ಪಮಾವ ಪೊಲೀಸರ ಮಾತು ತಗದಾಗ ಬಾಯಿ ಮುಚ್ಚಸಾಕ ಆ ಫೋಟೋ ತಗಸಿದ್ನಿ. ಖರೇ ಅಪರಾಧಿ ಹಿಡ್ಯಾಕ ಬೇಕು ಅಂತ ಆಕಿಗೆ ಹೇಳಿದ್ನಿ."

"ಆಕಿ ಉಂಡಾಳೇನು?" ಎಂದು ಕೇಳಿದಳು ಬಸಲಿಂಗವ್ವ.

ವಿಜಯಮಹಾಂತೇಶ ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. "ಗೊತ್ತಿಲ್ಲಕ್ಕಾ. ನೀ ಉಣ್ಣಲಿ ಅಂತ ಸುಳ್ಳ ಬರದ್ನಿ. ನಿನ್ನೆ ಮಧ್ಯಾಹ್ನದಿಂದ ಆಕಿ ನನಗೂ ಉತ್ತರಾ ಕೊಡವಲ್ಲಳು. ಫೋನ್ ಬಂದ್ ಐತಿ."

ಕಾಶಪ್ಪನಿಗೆ ಅವನ ಕಪಾಳಕ್ಕೆ ಬಾರಿಸಬೇಕೆನಿಸಿತು. ಹುಲಿ ಬಿಟ್ಟವನಿಗೇ ಹುಲಿ ಎಲ್ಲಿದೆ ಗೊತ್ತಿಲ್ಲ. ನೀಲಾಬಾಯಿ ಮಾತ್ರ ದನಿ ಏರಿಸದೆ, "ಯಾವ ಊರಾಗ, ಎಲ್ಲಿ ಇಟ್ಟಿ ಆಕಿನ್ನ?" ಎಂದು ಕೇಳಿದಳು. ಅವನು ಊರು, ಲಾಡ್ಜು, ಕೋಣೆಯ ನಂಬರು ಹೇಳಿದ. ಅನೀಸ ಎದ್ದು ನಿಂತು ಗುರುತು ಹೇಳಿ, ಅಲ್ಲಿಯ ಪೊಲೀಸರಿಗೆ ಸುದ್ದಿ ಮುಟ್ಟಿಸಲು ತನ್ನ ಸಾಹೇಬರಿಗೆ ಫೋನು ಹಚ್ಚಿದ. ರೋಹಿಣಿ ಲಾಡ್ಜಿನ ನಂಬರು ಹುಡುಕಿ, ಅಂದಪ್ಪನ ಮೊಬೈಲಿನಿಂದ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು. ಅಲ್ಲಿ ಆಗ ಬೆಳಗಿನ ಹನ್ನೊಂದೂವರೆ.

ಕೌಂಟರಿನ ಹೆಂಗಸು ರೋಹಿಣಿಯ ಇಂಗ್ಲಿಷನ್ನು ತಾಳ್ಮೆಯಿಂದ ಕೇಳಿದಳು. ಮೂರನೆಯ ಮಾಳಿಗೆಯ ಆ ಹುಡುಗಿ ಆರು ದಿನದಿಂದ ಹೊರಗೆ ಬಂದಿಲ್ಲವೆಂದಳು. ಕೋಣೆಯ ಫೋನಿಗೆ ಜೋಡಿಸಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಎರಡನೆಯ ಸಲವೂ ಹಾಗೆಯೇ. ಅಂದಪ್ಪ ಮಗ್ಗದ ಮರ ಹಿಡಿದುಕೊಂಡು ಕೂತ. ಮೂರನೆಯ ಸಲ ಯಾರೋ ಎತ್ತಿದರು.

"ಸರ್, ನಾನು ಯಾರಿಗೂ ಹೇಳಿಲ್ಲ ಸರ್," ಎಂದಿತು ಇಂಗ್ಲಿಷಿನಲ್ಲಿ ಒಂದು ಬತ್ತಿದ ದನಿ. "ಚಾರ್ಜರ್ ಹಾಳಾಯಿತು ಸರ್. ಹೊರಗೆ ಹೋಗಬೇಡ ಅಂದಿದ್ದಿರಿ, ಅದಕ್ಕೇ ಬೇರೆ ತರಲಿಲ್ಲ. ಬೇಕಂತ ಫೋನ್ ಬಂದ್ ಮಾಡಿಲ್ಲ ಸರ್. ನಮ್ಮ ತಂದೆಯನ್ನು ಹಿಡಿಯಬೇಡಿ."

"ದಾನೀ, ನಾನವ್ವಾ, ಅವ್ವ," ಎಂದಳು ಬಸಲಿಂಗವ್ವ.

ಆ ಕಡೆಯಿಂದ ಈಗ ಕನ್ನಡದಲ್ಲಿ ಮಾತು ಬಂತು. "ನೀವು ನಮ್ಮವ್ವ ಅಲ್ಲ. ಅಪ್ಪನ ದನಿ, ಅವ್ವನ ದನಿ ಮಾಡಿ ಕರೀತಾರ, ನಂಬಬ್ಯಾಡ ಅಂತ ಸಾಹೇಬರು ಹೇಳ್ಯಾರ."

"ಅಪ್ಪ ಇಲ್ಲೇ ಅದಾನವ್ವಾ. ಬಾಗಲಾ ತೆಗಿ. ಕೆಳಗಿನ ಮಂದಿ ಬರತಾರ."

"ಯಾರರ ಒಳಗ ಬಂದ್ರ ನಾ ಕಿಡಕ್ಯಾಗಿಂದ ಜಿಗೀತೇನಿ. ಕಿಡಕಿ ತಗದs ಇಟ್ಟೇನಿ."

ಮೇಲೆ ಹೊರಟಿದ್ದ ಲಾಡ್ಜಿನವರನ್ನು ಬಾಗಿಲ ಹೊರಗೇ ನಿಲ್ಲಿಸಲು ರೋಹಿಣಿ ತನ್ನ ಮೊಬೈಲಿನಿಂದ ಮತ್ತೆ ಕೌಂಟರಿಗೆ ಫೋನು ಮಾಡಿದಳು. ಅಂದಪ್ಪ ಮಗಳ ಹೆಸರು ಹಿಡಿದು ಕೂಗಿದ. ಕೂಗಿದಷ್ಟೂ ಅವಳು ಇನ್ನೂ ಹೆದರಿದಳು. ನೀಲಾಬಾಯಿಯ ಹಣೆಯ ಮೇಲೆ ಬೆವರು ಮೂಡಿದ್ದನ್ನು ಕಾಶಪ್ಪ ಅದೇ ಮೊದಲ ಸಲ ನೋಡಿದ.

"ನೀವು ಖರೇನ ನಮ್ಮ ಮಂದಿ ಆಗಿದ್ರ ಮಾಮಾಗ ಕೊಡ್ರಿ," ಎಂದಳು ದಾನೇಶ್ವರಿ. "ವಿಜೂಮಾಮಾ ಹೇಳಿದ್ರ ಬಾಗಲಾ ತೆಗೀತೇನಿ. ಅವ ನನಗ ಸುಳ್ಳ ಹೇಳಾಂಗಿಲ್ಲ."

ಪಡಸಾಲೆಯಲ್ಲಿ ಎಲ್ಲರೂ ಅವನ ಕಡೆ ತಿರುಗಿದರು. ಬಸಲಿಂಗವ್ವ ಎದ್ದು ಹೋಗಿ ಮೊಬೈಲನ್ನು ತಮ್ಮನ ಕೈಯಲ್ಲಿಟ್ಟಳು. ಕಾಶಪ್ಪನ ತಲೆಯಲ್ಲಿ ಒಂದೇ ಯೋಚನೆ: ಎಲ್ಲ ಸರಿಹೋಯಿತು, ಸಾಹೇಬರು ನಿನ್ನನ್ನು ಬಿಟ್ಟರು ಎಂದರೂ ಬಾಗಿಲು ತೆರೆಯುತ್ತದೆ. ಇನ್ನೊಂದು ಸುಳ್ಳು ಸಾಕು. ಆ ಹುಡುಗಿ ಅವನ ಯಾವ ಮಾತನ್ನಾದರೂ ನಂಬುವ ಸ್ಥಿತಿಯಲ್ಲಿದ್ದಳು. ಅವನಿಗೂ ಅದು ಹೊಳೆದಿರಬೇಕು. ಬಾಯಿ ತೆರೆದು, ಅಕ್ಕನ ಒಣಗಿದ ತುಟಿ ನೋಡಿ, ಮತ್ತೆ ಮುಚ್ಚಿದ.

"ದಾನಿ, ನಾನು."

"ಮಾಮಾ," ಎಂದು ಅವಳು ಅತ್ತಳು. "ಮಾಮಾ, ಸಾಹೇಬರು ಏನಂದ್ರು ಅಂದ್ರ..."

"ಸಾಹೇಬ ಅನ್ನಾವ ಯಾರೂ ಇಲ್ಲ ದಾನಿ. ನಿನ್ನ ಕಾಗದ ಎಲ್ಲಾ ಸರಿ ಅದಾವ. ಅಪ್ಪನ್ನ ಯಾರೂ ಹಿಡ್ಯಾಂಗಿಲ್ಲ. ಶುಕ್ರವಾರ ಮುಂಜಾನೆ ಲಾಡ್ಜಿಗೆ ಹೋಗು ಅಂದಾವ ನಾನು. ಕಾಲು ಕಟಗೊಂಡು ಫೋಟೋ ತಗಿ ಅಂದಾವ ನಾನು. ಅವ್ವನ ದನಿ ನಂಬಬ್ಯಾಡ ಅಂದದ್ದೂ ನಾನs. ಈಗ ಮಾತಾಡಿದ್ದು ಖರೇನ ನಿಮ್ಮವ್ವ. ಬಾಗಲಾ ತೆಗಿ ತಂಗೀ, ಹೊರಗ ಹೋಗಿ ಉಣ್ಣು."

ಆ ಕಡೆ ಅಳು ನಿಂತಿತು. ಕಾಶಪ್ಪ ಕಿಟಕಿಯ ಸದ್ದಿಗೆ ಹೆದರಿ ಕಣ್ಣು ಮುಚ್ಚಿಕೊಂಡ. ಎಷ್ಟು ಹೊತ್ತು ಹಾಗಿದ್ದನೋ, ಆಮೇಲೆ ಬಾಗಿಲ ಸರಪಳಿ ತೆಗೆದ ಸದ್ದು ಬಂತು, ಅದರ ಹಿಂದೆಯೇ ಯಾರೋ ಹೆಂಗಸು ಇಂಗ್ಲಿಷಿನಲ್ಲಿ ಸಮಾಧಾನ ಹೇಳುವ ದನಿ. ಹುಡುಗಿ ನಮ್ಮ ಹತ್ತಿರ ಇದ್ದಾಳೆ ಎಂದು ರೋಹಿಣಿ ಅರ್ಥ ಹೇಳಿದಳು. ಅಂದಪ್ಪ ನೆಲಕ್ಕೆ ಹಣೆ ಹಚ್ಚಿದ.

ವಿಜಯಮಹಾಂತೇಶ ಇನ್ನೂ ಮೊಬೈಲು ಹಿಡಿದು ನಿಂತಿದ್ದ. "ದಾನಿ," ಎಂದ.

"ಫೋನ್ ನಮ್ಮವ್ವನ ಕೈಯಾಗ ಕೊಡ್ರಿ," ಎಂದಳು ದಾನೇಶ್ವರಿ, ಪರಿಚಯವಿಲ್ಲದವರಿಗೆ ಹೇಳುವ ಹಾಗೆ.

ಅವನು ಕೊಟ್ಟ.